ಜೊತೆಗಾರನ ಗುಂಡು

ಲೆನ್ ಮತ್ತೆ ಮೂಗಿನ ನಳಿಕೆ ಕಿತ್ತೆಸೆದಿದ್ದ. ಲಕ್ವ ಹೊಡೆದು ಮಾತು ಹೋಗಿತ್ತು. ಎಡಗೈ ಒಂದೇ ಆಡುತ್ತಿತ್ತು. ಆ ಕೈಯನ್ನು ಹ್ಯಾರಲ್ಡ್ ಮೆಲ್ಲಗೆ ಹಾಸಿಗೆಗೆ ಒತ್ತಿ ಹಿಡಿದ. ನರ್ಸ್ ಭುವನೇಶ್ವರಿ ಹೊಸ ನಳಿಕೆ ಇಳಿಸಿದಳು. ಲೆನ್‌ನ ಕಣ್ಣಿಂದ ನೀರು ಇಳಿಯಿತು.

ಇಂಗ್ಲೆಂಡಿನ ಸಟನ್‌ ಆಸ್ಪತ್ರೆಯ ಆ ವಾರ್ಡಿನಲ್ಲಿ 1996ರ ಚಳಿಗಾಲವಿಡೀ ಇದೇ ಆಗಿತ್ತು. ಲೆನ್‌ಗೆ ಹೆಂಡತಿ ಮಕ್ಕಳಿಲ್ಲ. ತನ್ನವರೆಂದು ಇದ್ದವನು ಹ್ಯಾರಲ್ಡ್ ಒಬ್ಬನೇ, ಎರಡನೇ ಮಹಾಯುದ್ಧದ ಕಾಲದ ಗೆಳೆಯ. ಮೊದಮೊದಲು ಅವನು ಬಂದರೆ ಲೆನ್‌ನ ಮುಖ ಅರಳುತ್ತಿತ್ತು. ಈಚೆಗೆ ಗೋಡೆಯತ್ತ ತಿರುಗುತ್ತಿತ್ತು. ಈ ಸ್ಥಿತಿಯಲ್ಲಿ ಕಾಣಿಸಿಕೊಳ್ಳಲು ನಾಚಿಕೆ, ಪಾಪ, ಎಂದುಕೊಂಡಳು ಭುವನೇಶ್ವರಿ.

ಹ್ಯಾರಲ್ಡ್ ಅವಳಿಗೆ ಎಲ್ಲ ಹೇಳಿದ್ದ. ಅವರದು ಸ್ವಯಂಸೇವಕರ ಅಶ್ವದಳ. ಮನೆಯ ಕುದುರೆಗಳನ್ನೇ ಹಡಗಿಗೇರಿಸಿ ಪ್ಯಾಲೆಸ್ಟೈನ್‌ಗೆ ಹೋದವರು. ಆಮೇಲೆ ಕುದುರೆಗಳ ಬದಲಿಗೆ ಲಾರಿಗಳು ಬಂದವು. ವಯಸ್ಸಾದ ಕುದುರೆಗಳನ್ನು ಕೊಲ್ಲಲು ಆಜ್ಞೆಯಾಯಿತು. ಸಾಕಿದ ಕೈಯಿಂದ ಕೊಲ್ಲಬಾರದೆಂಬುದು ದಳದ ಕಟ್ಟಳೆ. ಜೊತೆಗಾರನ ಕುದುರೆಗೆ ನೀನು, ನಿನ್ನದಕ್ಕೆ ಅವನು. ಲೆನ್‌ನ ಕುದುರೆಯನ್ನು ಹ್ಯಾರಲ್ಡ್ ಒಂದೇ ಗುಂಡಿಗೆ ಮಲಗಿಸಿದ. ಹ್ಯಾರಲ್ಡ್‌ನ ಕುದುರೆ ಡಚೆಸ್ ಲೆನ್‌ನ ಪಾಲಿಗೆ ಬಂತು.

"ಡಚೆಸ್‌ಗೆ ಅವನು ಮಾಡಿದ್ದನ್ನು ನಾನು ಮರೆಯೋನಲ್ಲ, ಸಿಸ್ಟರ್" ಎಂದಿದ್ದ. ಡಚೆಸ್‌ನ ಫೋಟೋವನ್ನು ಲೆನ್‌ನ ಕಣ್ಣೆದುರಿಗೇ ತೂಗುಹಾಕಿದ್ದ.

ಫೆಬ್ರುವರಿಯಲ್ಲಿ ಲೆನ್‌ಗೆ ನ್ಯುಮೋನಿಯಾ ಆಯಿತು. ಡಾಕ್ಟರು ಹ್ಯಾರಲ್ಡ್‌ನನ್ನು ಕರೆದು ಲೆನ್‌ನ ಹಾಸಿಗೆಯ ಪಕ್ಕದಲ್ಲೇ ಕೂರಿಸಿಕೊಂಡರು. ಔಷಧಿ ಕೊಟ್ಟರೆ ಉಳಿಯಬಹುದು, ಆದರೆ ಹೀಗೇ. ಕೊಡದಿದ್ದರೆ ನೋವಿಲ್ಲದೆ ಹೋಗುತ್ತಾನೆ ಎಂದರು. ಲೆನ್‌ನ ಕೈ ಹೊದಿಕೆಯ ಮೇಲೆ ಬಡಿಯತೊಡಗಿತು. ಬೇಡ, ಬೇಡ ಎಂಬಂತೆ.

ಹೆದರಿಕೊಂಡಿದ್ದಾನೆ, ಕೊಡಿ ಎಂದ ಹ್ಯಾರಲ್ಡ್. ಡಾಕ್ಟರು ತಡೆದರೂ ಪಟ್ಟು ಬಿಡಲಿಲ್ಲ. ಕೊನೆಗೆ ಅವರು ಒಪ್ಪಿದರು.

ಟ್ರಾಲಿ ತಳ್ಳುತ್ತಿದ್ದ ಉಡುಪಿಯ ರೋಜಿ ಕಣ್ಣೊರೆಸಿಕೊಂಡಳು. "ಇಂಥ ದೋಸ್ತಿ ಈಗ ಎಲ್ಲಿ ಉಂಟು ಮಾರಾಯ್ತಿ? ನನ್ನ ಗಂಡ ಮಾರ್ಸೆಲ್ ನನಗೆ ಜ್ವರ ಬಂದ್ರೆ ಟಿವಿ ಜೋರು ಮಾಡ್ತಾನೆ."

"ಹೊಟ್ಟ್ಯಾಗ ಹುಟ್ಟಿದ ಮಕ್ಕಳೂ ಇಷ್ಟು ಮಾಡಂಗಿಲ್ಲ, ರೋಜಿ" ಎಂದಳು ಭುವನೇಶ್ವರಿ.

ಔಷಧಿ ಹಿಡಿಯಿತು. ಜ್ವರ ಇಳಿಯಿತು. ಲೆನ್ ಉಳಿದ. ಆ ಸುದ್ದಿ ಹೇಳಲೆಂದು ಭುವನೇಶ್ವರಿ ನಗುತ್ತ ಪರದೆಯ ಬಳಿ ಬಂದಳು. ಒಳಗೆ ಹ್ಯಾರಲ್ಡ್ ಗೆಳೆಯನ ಕಿವಿಗೆ ಬಾಗಿದ್ದ.

"ನೀನು ಡಚೆಸ್‌ಗೆ ಗುಂಡು ಹಾರಿಸಲಿಲ್ಲ, ಲೆನ್. ಒಂದು ಬಾಟಲಿ ರಮ್‌ಗಾಗಿ ಕಲ್ಲುಗಣಿಯವನಿಗೆ ಮಾರಿದೆ. ಯುದ್ಧ ಮುಗಿದ ಮೇಲೆ ನಾನು ಹೋಗಿ ನೋಡಿದೆ. ಕಣ್ಣು ಹೋಗಿತ್ತು, ಬೆನ್ನು ಕೊಳೆತಿತ್ತು, ಆದರೂ ಬಂಡೆ ಎಳೀತಾ ಬದುಕಿತ್ತು. ನಿನ್ನದು ಈಗಷ್ಟೇ ಶುರು."