ತೊಳೆಯದ ಜಲ್ಲಿ

ಹನ್ನೆರಡು ಮೀನುಗಳೂ ನೀರಿನ ಮೇಲಕ್ಕೆ ಬಂದು ಬಾಯಿ ಬಿಡುತ್ತಿದ್ದವು. ತವರಿನಲ್ಲಿ ನಾಲ್ಕು ದಿನ ಇದ್ದು ಆಗಷ್ಟೇ ಮಗಳೊಂದಿಗೆ ಮರಳಿದ್ದ ಸೊಸೆ, ಚೀಲವನ್ನು ಬಾಲ್ಕನಿಯ ಬಾಗಿಲಲ್ಲೇ ಬಿಟ್ಟು ತೊಟ್ಟಿಯ ಮುಂದೆ ಕುಕ್ಕರುಗಾಲಿನಲ್ಲಿ ಕೂತಳು. ಮಗಳು ಪುಟ್ಟ ಗಾಜಿನ ಕೊಳವೆಯಲ್ಲಿ ತೊಟ್ಟಿಯ ನೀರು ಹಿಡಿದು, ಪರೀಕ್ಷೆಯ ಔಷಧಿಯನ್ನು ತೊಟ್ಟು ತೊಟ್ಟಾಗಿ ಬಿಟ್ಟಳು. ದಿನವೂ ಹಳದಿಯಾಗಿಯೇ ಇರುತ್ತಿದ್ದ ನೀರು ಅಂದು ಕಡುಹಸಿರಾಯಿತು. ಹಸಿರೆಂದರೆ ವಿಷ.

"ನಂದೇ ತಪ್ಪಮ್ಮ. ಹೋಗೋ ದಿನ ಹಸ್ಕೊಂಡಿರ್ತಾವೆ ಅಂತ ಒಂದು ಹಿಡಿ ಜಾಸ್ತಿ ತಿಂಡಿ ಹಾಕ್ಬಿಟ್ಟೆ" ಎಂದು ಹುಡುಗಿ ಅಳತೊಡಗಿದಳು.

"ಹಾಕಿದ್ರೂ ಹೀಗಾಗ್ಬಾರ್ದು ಪುಟ್ಟಿ. ಮೇಲಿನ ಜಲ್ಲೀಲಿ ಅಂಟಂಟಾಗಿ ಬ್ಯಾಕ್ಟೀರಿಯಾ ಕೂತಿರುತ್ತಲ್ಲ, ಮೀನಿನ ಗಲೀಜನ್ನ ಗೊಬ್ಬರ ಮಾಡೋದು ಅದೇ. ಅದಿರೋ ತನಕ ನೀರು ಕೆಡಲ್ಲ."

ಇದು ಆ ಮನೆಯವರೆಲ್ಲ ಸೇರಿ ಹಚ್ಚಿಕೊಂಡಿದ್ದ ಹೊಸ ಹುಚ್ಚು, ಅಕ್ವಾಪೋನಿಕ್ಸ್. ಕೆಳಗೆ ಮೀನಿನ ತೊಟ್ಟಿ, ಮೇಲೆ ಜಲ್ಲಿ ತುಂಬಿದ ತಟ್ಟೆಯಲ್ಲಿ ಪುದೀನ, ಪಾಲಕ್. ಮೀನು ಕೆಡಿಸಿದ ನೀರನ್ನು ಪಂಪು ಮೇಲೆತ್ತುತ್ತದೆ; ಗಿಡ ಉಂಡು ಬಿಟ್ಟ ನೀರು ತಿಳಿಯಾಗಿ ಮೀನಿಗೇ ವಾಪಸು. ಮರಗೆಲಸದ ಮಗ ಸ್ಟ್ಯಾಂಡು ಮಾಡಿಕೊಟ್ಟಿದ್ದ, ಅಂಚೆ ಹಂಚುವ ಸೊಸೆ ಸಸಿ ನೆಟ್ಟಿದ್ದಳು, ಮೊಮ್ಮಗಳದು ನೀರಿನ ಪರೀಕ್ಷೆ. ಅಜ್ಜಿಗೆ ಮಾತ್ರ ಯಾರೂ ಕೆಲಸ ಕೊಟ್ಟಿರಲಿಲ್ಲ. ಸುಮ್ಮನೆ ಕೂರುವ ಜೀವವೇ ಅದು? ಮೂವತ್ತೆರಡು ವರ್ಷ ಆಪರೇಷನ್ ಥಿಯೇಟರಿನಲ್ಲಿ ಕತ್ತರಿ, ಚಾಕು ಕುದಿಸಿದವರು. ಕ್ರಿಮಿಗಳ ಹಿಂದೆ ಕೈ ತೊಳೆದುಕೊಂಡು ಬಿದ್ದವರು. ಬೀದಿಗೆಲ್ಲ ಅವರು ಸಿಸ್ಟರಮ್ಮ.

ಆ ಸಿಸ್ಟರಮ್ಮ ಈಗ ಬಾಗಿಲಲ್ಲಿ ನಿಂತು ಎಲ್ಲವನ್ನೂ ಕೇಳಿಸಿಕೊಂಡರು. ಅವರ ಮುಖ ಸಣ್ಣದಾಯಿತು. ಬಾಯಿ ಮುಚ್ಚಿಕೊಂಡಿದ್ದರೆ ಯಾರಿಗೂ ತಿಳಿಯುತ್ತಿರಲಿಲ್ಲ. ಕಿತ್ತ ಗಿಡಗಳನ್ನು ಇದ್ದಲ್ಲೇ ಇದ್ದ ಹಾಗೆ ನೆಟ್ಟಿದ್ದರು. ತಪ್ಪು ಹೊರಲು ಮಗು ತಾನಾಗಿಯೇ ಮುಂದೆ ಬಂದಿತ್ತು.

"ಅಳ್ಬೇಡ ಮರಿ. ಕೆಡಿಸಿದೋಳು ನಾನು" ಎಂದರು. "ನೀವು ಹೋದ ಮಾರನೇ ದಿನ ಜಲ್ಲಿ ಪೂರ್ತಿ ಎತ್ತಿ, ಕುದಿಯೋ ನೀರಲ್ಲಿ ಮೂರು ಸಲ ತೊಳ್ದೆ. ಮಗು ತಿನ್ನೋ ಸೊಪ್ಪು, ಇಷ್ಟು ಗಲೀಜಲ್ಲಿ ಬೆಳೀತಿದೆಯಲ್ಲ ಅಂತ."

ಸೊಸೆ ತಟ್ಟೆಯಿಂದ ಒಂದು ಹಿಡಿ ಜಲ್ಲಿ ಎತ್ತಿ ಹಿಸುಕಿ ನೋಡಿದಳು; ಒಂಚೂರೂ ಅಂಟಿರಲಿಲ್ಲ.

"ಆಮೇಲೆ ಬಯ್ಯಿ. ಥಿಯೇಟರಲ್ಲಿ ಕತ್ತರಿ ಕೈಜಾರಿ ಬಿದ್ರೆ, ಬಿತ್ತು ಅಂತ ಆಗ್ಲೇ ಕೂಗಿ ಹೇಳ್ಬೇಕು. ನಾಚ್ಕೊಂಡು ಕೂತ್ರೆ ಅನುಭವಿಸೋನು ಟೇಬಲ್ ಮೇಲೆ ಮಲಗಿರೋನು. ಈಗೇನು ಮಾಡ್ಬೇಕು, ಅದು ಹೇಳು."

"ಡ್ರಮ್ಮಲ್ಲಿ ಹಿಡಿದಿಟ್ಟಿರೋ ನೀರಿದೆ ಅತ್ತೆ. ಅರ್ಧ ಬದಲಾಯಿಸ್ತೀನಿ, ಇವತ್ತಿಗೆ ಉಸಿರು ಹಿಡಿದಾವು. ಆದ್ರೆ ಬದುಕ್ಬೇಕು ಅಂದ್ರೆ ಬೇರೆ ಯಾರ್ದಾದ್ರೂ ತೊಟ್ಟಿಯ ಹಳೇ ಜಲ್ಲಿ ಬೇಕು, ಕೊಳೆ ಸಮೇತ. ಈ ಸುತ್ತಿನಲ್ಲಿ ಅದನ್ನ ಇಟ್ಟಿರೋರು ಒಬ್ರೇ..." ಸೊಸೆ ತಡವರಿಸಿದಳು. "ಹಿಂದಿನ ಬೀದಿ ಸಲೂನಿನ ಅಣ್ಣ."

ಹೋದ ವರ್ಷ ಅದೇ ಸಲೂನಿಗೆ ನುಗ್ಗಿ, ಬಾಚಣಿಗೆ ಕುದಿಸುವುದಿಲ್ಲವೆಂದು ಗಿರಾಕಿಗಳೆದುರೇ ಅವನ ನೀರಿಳಿಸಿದ್ದರು ಸಿಸ್ಟರಮ್ಮ. ಸೊಸೆ ತಾನೇ ಹೋಗಿಬರುತ್ತೇನೆಂದು ಎದ್ದಳು.

"ಬಕೆಟ್ ಕೊಡು ಇಲ್ಲಿ. ಬೀಳಿಸಿದೋಳೇ ಎತ್ತಬೇಕು."

ತಪ್ಪು ಒಪ್ಪಿಕೊಂಡು ಅಷ್ಟಕ್ಕೇ ದೊಡ್ಡವರಾಗಿಬಿಡುವವರು ಬೇಕಾದಷ್ಟಿದ್ದಾರೆ. ಒಪ್ಪಿಕೊಂಡ ಮೇಲೆ ಬಕೆಟ್ ಹಿಡಿದು ಬಿಸಿಲಿಗಿಳಿಯುವವರನ್ನು ಕಂಡರೆ ಮಾತ್ರ ಕೈಮುಗಿಯಬೇಕೆನಿಸುತ್ತದೆ. ಸಿಸ್ಟರಮ್ಮ ಬರುವುದನ್ನು ಕನ್ನಡಿಯಲ್ಲಿ ಕಂಡ ಸಲೂನಿನವನು ಮೊದಲು ಬಾಚಣಿಗೆಗಳನ್ನೆಲ್ಲ ಬಿಸಿನೀರಿಗೆ ಹಾಕಿದ. ವಿಷಯ ಕೇಳಿ ಅವರನ್ನು ಮಹಡಿಗೆ ಕರೆದೊಯ್ದು, ತನ್ನ ತಟ್ಟೆಯಿಂದ ಮುಕ್ಕಾಲು ಬಕೆಟ್ ಜಲ್ಲಿ ತೋಡಿದ. ಕಂದು ಬಣ್ಣದ್ದು, ಲೋಳೆ ಲೋಳೆ. ಅದನ್ನು ಅವರ ಕೈಗೆ ಕೊಡಲು ಅವನಿಗೇ ಮುಜುಗರ.

"ನಿಮ್ಗೆ ಹೀಗೇ ಹೇಗೆ ಕೊಡ್ಲಿ ಸಿಸ್ಟರಮ್ಮ? ಎರಡೇ ನಿಮಿಷ, ನಲ್ಲಿ ಕೆಳಗೆ ಹಿಡಿದು..."

ಸಿಸ್ಟರಮ್ಮ ಬಕೆಟ್ಟನ್ನು ಕಿತ್ತುಕೊಂಡು ಇಸ್ತ್ರಿ ಮಾಡಿದ ಬಿಳಿ ಬಟ್ಟೆಗೆ ಅವಚಿಕೊಂಡರು. "ತೊಳೆದ್ರೆ ನೋಡು ಮತ್ತೆ!" ಮೆಟ್ಟಿಲಿಳಿಯುತ್ತ ಅರ್ಧಕ್ಕೆ ನಿಂತು ತಿರುಗಿದರು. "ಅವತ್ತು ಅಷ್ಟು ಜನರ ಮುಂದೆ ನಾನು ಹಾಗೆ ಅನ್ಬಾರ್ದಿತ್ತಪ್ಪ. ಹೊಟ್ಟೆಗೆ ಹಾಕ್ಕೋ. ಬಾಚಣಿಗೆ ಮಾತ್ರ ಕುದಿಸು."

ಮೀನು ಉಳಿದವೇ ಎಂದರೆ, ಎರಡು ಹೋದವು, ಹತ್ತು ಉಳಿದವು. ಕೊಳವೆಯ ನೀರು ಮತ್ತೆ ಹಳದಿಗೆ ತಿರುಗಲು ಮೂರು ವಾರ ಹಿಡಿಯಿತು. ಅಂದು ಮಧ್ಯಾಹ್ನ ಇದಾವುದೂ ಗೊತ್ತಿರದ ಸಿಸ್ಟರಮ್ಮ, ತಂದ ಜಲ್ಲಿಯನ್ನು ಬರಿಗೈಯಲ್ಲಿ ತಟ್ಟೆಯ ಮೂಲೆಮೂಲೆಗೂ ಕಲೆಸಿದರು. ಮುಗಿಯುವಷ್ಟರಲ್ಲಿ ಮೊಣಕೈವರೆಗೆ ಕಂದು ಲೋಳೆ. ಕೈ ತೊಳೆಯದೆ ನೀರೂ ಮುಟ್ಟಬಾರದೆಂದು ಅಜ್ಜಿಯಿಂದಲೇ ಕಲಿತಿದ್ದ ಮೊಮ್ಮಗಳು ಸೋಪು, ಟವೆಲ್ಲು ಹಿಡಿದು ಓಡಿಬಂದಳು.

"ದೂರ ಹಿಡಿ ಆ ಸೋಪು!"

ಸಿಸ್ಟರಮ್ಮ ತೊಟ್ಟಿಯ ಬಳಿ ಮಂಡಿಯೂರಿ ಎರಡೂ ಕೈಗಳನ್ನು ಮೀನಿನ ನೀರಿಗೆ ಇಳಿಬಿಟ್ಟರು. ಆಪರೇಷನ್ನಿಗೆ ಮುಂಚೆ ಹೊಸ ಡಾಕ್ಟರುಗಳಿಗೆ ಹೇಳಿಕೊಡುತ್ತಿದ್ದ ಕ್ರಮದಲ್ಲೇ ನಿಧಾನವಾಗಿ ಉಜ್ಜತೊಡಗಿದರು: ಮೊದಲು ಅಂಗೈ, ಆಮೇಲೆ ಬೆರಳ ಸಂದು, ಕೊನೆಗೆ ಒಂದೊಂದೇ ಉಗುರು.

"ಉಗುರಲ್ಲಿ ಇನ್ನೂ ಸ್ವಲ್ಪ ಉಳ್ಕೊಂಡಿದೆ" ಎಂದರು. "ಒಂದು ಚೂರೂ ಪೋಲಾಗ್ಬಾರ್ದು."