ಬಿಚ್ಚಿ ಹೊಲಿದ ತೋಳು

ಅಂಗಿಯ ಎಡತೋಳನ್ನು ಟೈಲರನ ಹೆಂಡತಿ ಉಲ್ಟಾ ಕೂರಿಸಿದ್ದಳು. ಬಟ್ಟೆಯ ಒಳಮೈ ಹೊರಗೆ ಬಂದಿತ್ತು. ಅಂಗಡಿಯ ಬಾಗಿಲು ತೆಗೆದು, ಅವಳು ಬರುವ ಮೊದಲೇ ಹಿಂದಿನ ದಿನದ ಹೊಲಿಗೆಯನ್ನೆಲ್ಲ ಕಿಟಕಿಯ ಬೆಳಕಿಗೆ ಹಿಡಿದು ನೋಡುವುದು ಟೈಲರನಿಗೆ ಈಗ ಅಭ್ಯಾಸವಾಗಿತ್ತು. ಅವನು ಬ್ಲೇಡಿನಿಂದ ದಾರ ಬಿಚ್ಚಿದ, ತೋಳನ್ನು ತಿರುಗಿಸಿ ಮತ್ತೆ ಹೊಲಿದ, ಇಸ್ತ್ರಿ ಹಾಕಿ ಮೊದಲಿದ್ದ ಜಾಗದಲ್ಲೇ ಮಡಿಸಿಟ್ಟ.

ಆ ಅಂಗಡಿಯಲ್ಲಿ ಕತ್ತರಿ ಗಂಡನದು, ಮಿಷನ್ನು ಹೆಂಡತಿಯದು. ಒಂದೇ ಬಣ್ಣದ ಬಟ್ಟೆ ಬಂದರೆ ಒಳಮೈ ಯಾವುದು, ಹೊರಮೈ ಯಾವುದು ಎಂದು ಅವನು ಕನ್ನಡಕ ಏರಿಸಿಕೊಂಡು ತಲೆ ಕೆರೆದುಕೊಳ್ಳುತ್ತಿರುವಾಗಲೇ ಅವಳು ಎರಡು ಬೆರಳಲ್ಲಿ ಉಜ್ಜಿ, ಇನ್ನೆಲ್ಲೋ ನೋಡುತ್ತಾ ಹೇಳಿಬಿಡುತ್ತಿದ್ದಳು. ಕಣ್ಣಿಗೆ ಆ ಕೆಲಸ ಕೊಟ್ಟವಳೇ ಅಲ್ಲ. ಕಣ್ಣಿರುವುದು ಬೀದಿ ನೋಡುವುದಕ್ಕೆ ಎನ್ನುತ್ತಿದ್ದಳು.

ಕ್ಯಾನ್ಸರಿಗೆ ಔಷಧಿ ಶುರುವಾದ ಮೇಲೆ ಬಂದ ಒಂದೊಂದು ಕಾಟಕ್ಕೂ ಅವಳು ಒಂದೊಂದು ಉಪಾಯ ಹುಡುಕಿಕೊಂಡಿದ್ದಳು. ಸ್ಟೀಲ್ ಚಮಚ ಬಾಯಿಗಿಟ್ಟರೆ ತುಕ್ಕಿನ ರುಚಿ, ಅದಕ್ಕೆ ಮರದ ಚಮಚ. ಮಿಷನ್ ಎಣ್ಣೆಯ ವಾಸನೆಗೆ ಹೊಟ್ಟೆ ತೊಳಸುತ್ತದೆ, ಅದಕ್ಕೆ ಮೂಗಿಗೊಂದು ಬಟ್ಟೆ. ಬಾಯಿಹುಣ್ಣಿಗೆ ಐಸು. ಕೂದಲು ಉದುರಿದಾಗ ತನ್ನ ತಲೆಯ ಅಳತೆ ತಾನೇ ತೆಗೆದು ಟೋಪಿ ಹೊಲಿದುಕೊಂಡಳು. ಬೆರಳಿಗೆ ಬಟ್ಟೆ ತಿಳಿಯದಾದ ವಿಷಯ ಮಾತ್ರ ಎತ್ತಲಿಲ್ಲ. ಅವಳು ಎತ್ತಲಿಲ್ಲವೆಂದು ಅವನೂ ಎತ್ತಲಿಲ್ಲ. ನಿನ್ನ ಕೈ ಹೋಗುತ್ತಿದೆ ಎಂದು ತಾನೇ ಬಾಯಿಬಿಟ್ಟು ಹೇಳಬೇಕಲ್ಲ ಎಂದು ಅವನಿಗೆ ಭಯವಾಗುತ್ತಿತ್ತು.

ಅವತ್ತು ಆಸ್ಪತ್ರೆಗೆ ಹೋಗುವ ದಿನ. ಮುಂದಿನ ಡೋಸ್ ಕೊಡುವ ಮೊದಲು ಡಾಕ್ಟರಮ್ಮ ಒಂದೊಂದಾಗಿ ವಿಚಾರಿಸಿದರು.

“ವಾಂತಿ ಹೇಗಿದೆ ಅಮ್ಮಾ?”

“ಸರಿಯಾಗಿ ಊಟದ ಹೊತ್ತಿಗೇ ಬರತ್ತೆ, ನೆಂಟರ ಹಾಗೆ.”

“ನಿದ್ದೆ?”

“ಇವರು ಗೊರಕೆ ನಿಲ್ಲಿಸಿದ್ರೆ ಬರತ್ತೆ.”

“ಬೆರಳು ಜೋಮು ಹಿಡಿಯೋದು, ಮುಟ್ಟಿದ್ದು ಗೊತ್ತಾಗದೆ ಇರೋದು?”

“ಇಲ್ಲ.”

ಈ ಪ್ರಶ್ನೆಗೆ ತಮಾಷೆ ಹುಟ್ಟಲಿಲ್ಲ. ಡಾಕ್ಟರಮ್ಮ ತಲೆಯೆತ್ತಿ ನೋಡಿದರು. “ಹೊಲಿಗೆ ಕೆಲಸ ನಿಮ್ಮದು. ಇದೊಂದನ್ನ ಮುಚ್ಚಿಡಬೇಡಿ. ಈಗಲೇ ಗೊತ್ತಾದ್ರೆ ಡೋಸ್ ಕಡಿಮೆ ಮಾಡಬಹುದು, ಬೇರೆ ಔಷಧಿ ನೋಡಬಹುದು. ಹೀಗೇ ಬಿಟ್ರೆ ಬೆರಳು ಮೊದಲಿನ ಹಾಗೆ ಆಗದೇನೂ ಇರಬಹುದು.”

“ಇಲ್ಲ ಅಂದ್ನಲ್ಲ ಡಾಕ್ಟ್ರೇ.”

ಟೈಲರ್ ತೊಡೆಯ ಮೇಲಿದ್ದ ಚೀಲವನ್ನೇ ನೋಡುತ್ತಾ ಕೂತಿದ್ದ. ಬಾಯಿ ಬಿಟ್ಟರೆ ಮನೆಯ ತನಕ ಅವಳ ಮುಖ ನೋಡುವ ಹಾಗಿಲ್ಲ. ಬಿಡದಿದ್ದರೆ ಇನ್ನು ಸ್ವಲ್ಪ ಹೊತ್ತಿನಲ್ಲೇ ಸೂಜಿ ಚುಚ್ಚಿಬಿಡುತ್ತಾರೆ.

“ಸುಳ್ಳು ಹೇಳ್ತಿದಾಳೆ,” ಎಂದ. “ಬಟ್ಟೆ ಒಳಮೈ ಹೊರಮೈ ಗೊತ್ತಾಗ್ತಾ ಇಲ್ಲ ಇವಳಿಗೆ. ಇವತ್ತು ಬೆಳಗ್ಗೇನೂ ಒಂದು ತೋಳು ಬಿಚ್ಚಿ ಹೊಲಿದೆ. ಎಷ್ಟೋ ದಿನದಿಂದ ಬಿಚ್ತಾನೇ ಇದೀನಿ.”

ಡಾಕ್ಟರಮ್ಮ ಅವಳ ಎರಡೂ ಕೈಗಳನ್ನು ಮೇಜಿನ ಮೇಲೆ ಇಡಿಸಿ, ಕಣ್ಣು ಮುಚ್ಚಲು ಹೇಳಿ, ಹತ್ತಿಯ ಎಳೆಯಿಂದ ಬೆರಳ ತುದಿಗಳನ್ನು ನಿಧಾನವಾಗಿ ಮುಟ್ಟುತ್ತಾ ಹೋದರು. ಹತ್ತೂ ಬೆರಳು ಮುಗಿಸಿ ಹತ್ತಿಯನ್ನು ಬುಟ್ಟಿಗೆ ಎಸೆದರು.

“ಹೂಂ, ಶುರು ಮಾಡಿ,” ಎಂದಳು ಅವಳು, ಕಣ್ಣು ಮುಚ್ಚಿಕೊಂಡೇ.

ಇವತ್ತಿನ ಡೋಸ್ ಬೇಡ, ಔಷಧಿ ಬದಲಾಯಿಸೋಣ ಎಂದು ಡಾಕ್ಟರಮ್ಮ ನರ್ಸನ್ನು ಕರೆಯಲು ಹೊರಗೆ ಹೋದರು. ಗಂಡ ಹೆಂಡತಿ ಇಬ್ಬರೇ ಉಳಿದರು. ಅವನು ಬೈಗುಳಕ್ಕೆ ತಯಾರಾಗಿ ಕೂತ.

“ನೀವು ಬಿಚ್ತಾ ಇದ್ರಾ?” ಎಂದಳು.

“ಹೂಂ. ನಿನಗೆ ಬೇಜಾರಾಗತ್ತೆ ಅಂತ ಹೇಳ್ಲಿಲ್ಲ.”

ಅವಳು ತನ್ನ ಬೆರಳುಗಳನ್ನು ನೋಡಿಕೊಂಡಳು. “ಜೋಮು ಶುರುವಾದ ವಾರವೇ ಡಾಕ್ಟ್ರಿಗೆ ಹೇಳ್ಬೇಕು ಅಂತಿದ್ದೆ. ಆಮೇಲೆ ನೋಡಿದ್ರೆ ಒಂದು ಬಟ್ಟೇನೂ ವಾಪಸ್ ಬರ್ಲಿಲ್ಲ. ಬೆರಳಿಗೆ ತಿಳೀದಿದ್ರೂ ಕೈ ತಪ್ತಾ ಇಲ್ಲ, ಇಷ್ಟಕ್ಕೆಲ್ಲ ಔಷಧಿ ಯಾಕೆ ತಪ್ಪಿಸ್ಕೋಬೇಕು ಅಂತ ಧೈರ್ಯವಾಗಿ ಸುಮ್ಮನಿದ್ದೆ.”