ಚಪ್ಪಲಿ ಇಲ್ಲಿ ಬಿಡಿ

ಗೌರಾಬಾಯಿ ತನ್ನ ಮನೆ ಹುಡುಕುತ್ತಿದ್ದಳು. ಮರಾಠಿ ಸೀಮೆಯ ನಗರದ ಸದಾಶಿವ ಪೇಠದಲ್ಲಿ, ಹಳೆಯ ವಾಡೆಮನೆಯ ಅಂಗಳದಲ್ಲಿ ರಂಗೋಲಿ ಪುಡಿಯಿಂದ ಒಂದಿಡೀ ಊರನ್ನೇ ಬರೆದಿದ್ದರು. ಕೃಷ್ಣೆಯ ಹಿನ್ನೀರಿನಲ್ಲಿ ಮುಳುಗಿ ಇಪ್ಪತ್ತೈದು ವರ್ಷವಾದ ಅವಳ ಊರು. ಹೊಳೆಯ ಮೆಟ್ಟಿಲು, ಹನುಮಪ್ಪನ ಗುಡಿ, ಬೇವಿನ ಕಟ್ಟೆ, ಗೌಡರ ಮನೆ ಎಲ್ಲ ಇದ್ದವು. ಇನ್ನರ್ಧ ಗಂಟೆಯಲ್ಲಿ ನಾಟಕ. ಪ್ರೇಕ್ಷಕರು ಈ ಬೀದಿಗಳಲ್ಲಿ ಬರಿಗಾಲಲ್ಲಿ ಓಡಾಡುತ್ತಾರೆ, ನಟರು ಅಲ್ಲಲ್ಲಿ ನಿಂತು ಊರಿನ ನೆನಪು ಹೇಳುತ್ತಾರೆ. ನೆನಪೆಲ್ಲ ಗೌರಾಬಾಯಿಯದು. ಮೆಸ್ಸಿನಲ್ಲಿ ರೊಟ್ಟಿ ಬಡಿಯುವ ಅವಳೆದುರು ಮೂರು ತಿಂಗಳು ಫೋನು ಹಿಡಿದು ಕೂತು ಇಂಪನಾ ಅದನ್ನೆಲ್ಲ ರೆಕಾರ್ಡ್ ಮಾಡಿಕೊಂಡಿದ್ದಳು. ಮೈಸೂರಿನ ಹುಡುಗಿ, ವಾರವೆಲ್ಲ ಐಟಿ ಕಂಪನಿ, ಶನಿವಾರ ಭಾನುವಾರ ನಿರ್ದೇಶಕಿ.

"ನಮ್ಮ ಕೇರಿ ಎಲ್ಲೈತಿ ಯವ್ವಾ?"

ಲೈಟಿನ ವೈರು ಸರಿಮಾಡುತ್ತಿದ್ದ ಇಂಪನಾ ತಲೆಯೆತ್ತಿದಳು. "ಸ್ಪೇಸ್ ಸಾಲ್ಲಿಲ್ಲ ಅಜ್ಜಿ. ಎಷ್ಟು ಟ್ರೈ ಮಾಡಿದ್ವಿ ಗೊತ್ತಾ? ಊರಿಂದಾಚೆ ಅಂತ ನೀವೇ ಹೇಳಿದ್ರಲ್ಲ, ಅಂಗಳ ಅಷ್ಟೊತ್ತಿಗೆ ಮುಗಿದೇಹೋಯ್ತು."

ಗೌರಾಬಾಯಿ ಗೌಡರ ಮನೆಯತ್ತ ಬೆರಳು ಮಾಡಿದಳು. ಪಡಸಾಲೆ, ದೇವರ ಕೋಣೆ, ಅಡುಗೆಮನೆ, ಹಿತ್ತಲಿನ ತುಳಸಿಕಟ್ಟೆಯವರೆಗೂ ಗೆರೆ ಎಳೆದಿದ್ದರು. "ಇದರ ಒಳಗಿಂದು ಯಾರು ಹೇಳಿದ್ರು ನಿಮಗ? ನಾ ಹೇಳಿಲ್ಲ. ನಾ ಬಾಗಲ ಹೊರಗ ನಿಂತು ಕೂಗಿದಾಕಿ. ಒಳಗ ಒಂದಿನಾನೂ ಕಾಲಿಟ್ಟಿಲ್ಲ."

"ಅದು ಸ್ವಲ್ಪ ಇಮ್ಯಾಜಿನ್ ಮಾಡ್ಕೊಂಡ್ವಿ ಅಜ್ಜಿ. ಸೀನಿಗೆ ಬೇಕಿತ್ತು."

"ನಾ ಕಾಣದ ಮನಿಗೆ ಜಾಗ ಐತಿ, ನಾ ಹುಟ್ಟಿದ ಮನಿಗೆ ಇಲ್ಲೇನು?"

ಗೌರಾಬಾಯಿ ಸೆರಗು ಬಿಗಿದು ಸೊಂಟಕ್ಕೆ ಸಿಕ್ಕಿಸಿಕೊಂಡಳು. ತನ್ನ ಮನೆಯ ಬಗ್ಗೆ ಅವಳು ಕಡಿಮೆ ಹೇಳಿದ್ದಳೇ? ಒಲೆ ಯಾವ ಗೋಡೆಗಿತ್ತು, ಅಪ್ಪ ಬಾರಿಸುವ ಹಲಗೆ ತೂಗುಹಾಕುತ್ತಿದ್ದ ಗೂಟ ಯಾವುದು, ಮಳೆ ಬಂದರೆ ಎಲ್ಲಿ ಪಾತ್ರೆ ಇಡಬೇಕು, ಎಲ್ಲ ಹೇಳಿದ್ದಳು. ಆ ಹುಡುಗಿ ಕಣ್ಣೀರು ಕೂಡ ಹಾಕಿತ್ತು. ಊರು ಇನ್ನೂ ಉಳಿದಿದ್ದರೆ ಅವಳ ಬಾಯಲ್ಲಿ ಮಾತ್ರ ಉಳಿದಿತ್ತು. ಅದನ್ನು ತಗೊಂಡು ಬಂದು, ಅವಳ ಮನೆಯೊಂದನ್ನು ಬಿಟ್ಟು ಮಿಕ್ಕದ್ದೆಲ್ಲ ಬರೆದಿದ್ದರು. ಬೇಕಂತಲೇ ಬಿಟ್ಟದ್ದಲ್ಲವಂತೆ, ಜಾಗ ಸಾಲಲಿಲ್ಲವಂತೆ!

"ಹೊಳಿ ಆದ್ರೂ ಎಲ್ಲಾರ ಮನೀನೂ ಮುಳುಗಿಸಿತ್ತು," ಎಂದಳು.

ಅಷ್ಟರಲ್ಲಿ ಪ್ರೇಕ್ಷಕರು ಬಂದರು, ಇಂಪನಾ ಅವರತ್ತ ಓಡಿದಳು. ಅಂಗಳದ ಮೂಡಣ ಅಂಚಿಗೆ ಒಂದು ಫಲಕ ನಿಲ್ಲಿಸಿದ್ದರು: 'ಚಪ್ಪಲಿ ಇಲ್ಲಿ ಬಿಡಿ.' ರಂಗೋಲಿ ಕೆಡಬಾರದಲ್ಲ. ಐವತ್ತು ಅರವತ್ತು ಜೊತೆ ಅಲ್ಲಿ ಗುಡ್ಡೆ ಬಿದ್ದವು. ಗೌರಾಬಾಯಿ ಬೇವಿನ ಕಟ್ಟೆಯಿಂದ ಅತ್ತ ಕಣ್ಣಳತೆ ಮಾಡಿದಳು. ಕಟ್ಟೆ, ಅದರಾಚೆ ಹಳ್ಳ, ಹಳ್ಳದಾಚೆ ಕೇರಿ. ಲೆಕ್ಕ ಒಂದಿಷ್ಟೂ ತಪ್ಪಿರಲಿಲ್ಲ, ಕೇರಿ ಬೀಳುವುದು ಸರಿಯಾಗಿ ಆ ಚಪ್ಪಲಿಗುಡ್ಡೆಯ ಜಾಗಕ್ಕೇ. ಊರೊಳಗೆ ಹೋಗುವಾಗ ಚಪ್ಪಲಿ ಕಳಚಿ ಕೈಯಲ್ಲಿ ಹಿಡಿದು ನಡೆದವಳು ಅವಳು. ಈಗ ಊರೊಳಗೆ ಹೋದವರ ಚಪ್ಪಲಿಯೆಲ್ಲ ಅವಳ ಮನೆಯಲ್ಲಿ ಬಿದ್ದಿದ್ದವು.

ಮೂಲೆಯಲ್ಲಿ ಉಳಿದ ರಂಗೋಲಿಯ ಡಬ್ಬಿ ಇತ್ತು. ಅವಳು ಅದನ್ನೆತ್ತಿಕೊಂಡಳು. ನಾಟಕ ನಡೆಯುತ್ತಲೇ ಇತ್ತು, ಇವಳು ಬಗ್ಗಿ ಚಪ್ಪಲಿಗಳ ಸುತ್ತ ಗೋಡೆ ಎಳೆದಳು, ಬಾಗಿಲು ಬಿಟ್ಟಳು, ಒಲೆ ಬರೆದಳು, ಗೂಟ ಬರೆದಳು. ಬರೆದು ಮುಗಿಸಿ ಒಲೆಯ ಮಗ್ಗುಲಲ್ಲಿ ಕೂತಳು.

ನಾಟಕ ಮುಗಿದು ಚಪ್ಪಾಳೆ ನಿಂತಿತು. ಬಿಳಿ ಜುಬ್ಬಾದ ಹಿರಿಯರೊಬ್ಬರು ಮುಳುಗಿದ ಊರಿಗಾಗಿ ಒದ್ದೆಯಾದ ಕಣ್ಣು ಒರೆಸಿಕೊಳ್ಳುತ್ತ ಬಂದು, ಗೆರೆ ದಾಟಿ ತಮ್ಮ ಚಪ್ಪಲಿಗೆ ಕಾಲು ಚಾಚಿದರು.

"ಗ್ವಾಡಿ ಐತ್ರಿ ಅಲ್ಲಿ," ಎಂದಳು ಗೌರಾಬಾಯಿ, ಕೂತಲ್ಲಿಂದ ಏಳದೆ. "ಬಾಗಲ ಆ ಕಡೀಗೆ. ಹೊರಗ ನಿಂತು ಕೂಗ್ರಿ. ಒಳಗ ಕರಿಯೂದು ಬಿಡೂದು ನಾ ಆಮ್ಯಾಲ ನೋಡ್ತೀನಿ."